ಕೈಗೆ ಕಸುಬು, ಕಸುಬಿಗೆ ಕರಾರು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಯುವಜನರ ಹಾಗೂ ತಂದೆತಾಯಿಗಳ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ಮಾತನಾಡುವವರು ಹಿಂದಿನವರ ತ್ಯಾಗವನ್ನು ಸ್ಮರಿಸುವುದು ವಾಡಿಕೆ. ಆ ಕರ್ತವ್ಯವನ್ನು ನಮಗಿಂತ ಮೊದಲು ಮಾತನಾಡಿದ ಹಿರಿಯರು ಚೆನ್ನಾಗಿ ನೆರವೇರಿಸಿದ್ದಾರೆ. ಆದುದರಿಂದ ನಾವು ಮುಂದಿನ ದಿನಗಳ ಕಡೆಗೆ ದೃಷ್ಟಿ ಹರಿಸುತ್ತೇವೆ. ಈ ಸಭೆಯಲ್ಲಿ ಕುಳಿತಿರುವ ಹದಿನಾರು, ಹದಿನೆಂಟು, ಇಪ್ಪತ್ತರ ಪ್ರಾಯದ ಮಕ್ಕಳು ಯಾವ ಕೆಲಸವನ್ನು, ಯಾರಿಂದ, ಯಾವ ಷರತ್ತಿನ ಮೇಲೆ ಕಲಿಯಬೇಕು ಎಂಬುದೇ ಇಂದು ನಾವು ವಿಚಾರಿಸಬೇಕೆಂದಿರುವ ವಿಷಯ. ಕಾನೂನಿನ ಭಾಷೆಯಲ್ಲಿ ಇದಕ್ಕೆ ಶಿಶಿಕ್ಷು ತರಬೇತಿ ಎಂದು ಹೆಸರು. ಜನರ ಬಾಯಲ್ಲಿ ಅಪ್ರೆಂಟಿಸ್. ಶಿಶಿಕ್ಷು ಎಂದರೆ ಕಲಿಯಬಯಸುವವನು. ಕಲಿಯಬಯಸುವವನಿಗೆ ಕಲಿಸಬೇಕಾದವನೊಬ್ಬನು ಇರಲೇಬೇಕಷ್ಟೆ. ನಮ್ಮ ಮಾತೆಲ್ಲವೂ ಆ ಕಲಿಸುವವನನ್ನು ಕುರಿತದ್ದು.

ನಮ್ಮ ವೇಮಗಲ್ ಸೀಮೆಯ ಬದುಕು ಬಹುಕಾಲದಿಂದ ರಾಗಿ, ರೇಷ್ಮೆ, ಹಾಲು ಈ ಮೂರನ್ನು ನೆಚ್ಚಿಕೊಂಡು ಬಂದಿತು. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. ಕೆರೆ ತುಂಬಿದರೆ ಬೆಳೆ; ಇಲ್ಲದಿದ್ದರೆ ಕೊಳವೆಬಾವಿಯ ಸಾಲ. ಅಂಥ ನೆಲದ ಮೇಲೆ ಈಗ ಕಾರ್ಖಾನೆಗಳು ಎದ್ದು ನಿಂತಿವೆ. ಪಕ್ಕದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಅದೇ ಪ್ರದೇಶದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯೂ ಬಂದಿತು. ನಮ್ಮ ವೇಮಗಲ್ಲಿನಲ್ಲಿಯೇ ಟಾಟಾ ಅಡ್ವಾನ್ಸ್‌ಡ್ ಸಿಸ್ಟಮ್ಸ್ ಸಂಸ್ಥೆಯ ಘಟಕದಲ್ಲಿ ಜೋಡಿಸಲಾದ ಉಪಗ್ರಹವೊಂದು 2024ರ ಏಪ್ರಿಲ್ ತಿಂಗಳಲ್ಲಿ ಆಕಾಶಕ್ಕೇರಿತು. ಏರ್‌ಬಸ್ ಸಂಸ್ಥೆಯ ಸಹಯೋಗದಲ್ಲಿ ಹೆಲಿಕಾಪ್ಟರ್ ಜೋಡಿಸುವ ಘಟಕಕ್ಕೂ ಇದೇ ವೇಮಗಲ್ ಆಯ್ಕೆಯಾದ ವಾರ್ತೆಯನ್ನು 2025ರಲ್ಲಿ ನಾವೆಲ್ಲರೂ ಪತ್ರಿಕೆಗಳಲ್ಲಿ ಓದಿದೆವು. ರಾಗಿಯ ಹೊಲದ ಬದುವಿನಲ್ಲಿ ಇಂಥದೆಲ್ಲ ನಡೆದೀತೆಂದು ನಮ್ಮ ಅಜ್ಜಂದಿರು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಇದು ಸಂತೋಷದ ಸಂಗತಿಯೇ ಸರಿ. ಆದರೆ ಕಾರ್ಖಾನೆಯ ಗೇಟಿನೊಳಕ್ಕೆ ಹೋಗುವುದು ಬೇರೆ, ಕಸುಬಿನೊಳಕ್ಕೆ ಹೋಗುವುದು ಬೇರೆ. ಕೆಲವು ಕಾಲದ ಹಿಂದೆ ನಮ್ಮ ಬಳಿಗೆ ಒಬ್ಬ ಯುವಕನು ಪ್ರಮಾಣಪತ್ರಕ್ಕೆ ಸಹಿ ಬೇಡಿ ಬಂದಿದ್ದನು. ಮೂರು ವರ್ಷಗಳಲ್ಲಿ ಅವನು ನಾಲ್ಕು ಕಡೆ ದುಡಿದಿದ್ದನು; ನಾಲ್ಕು ಗುರುತಿನ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದನು. "ನಿನಗೆ ಯಾವ ಕೆಲಸ ಬರುತ್ತದಪ್ಪಾ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ ಕೆಲಸ ಮಾಡ್ತೀನಿ ಸ್ವಾಮಿ" ಎಂದನು. ಅವನು ಸೋಮಾರಿಯಲ್ಲ, ದಡ್ಡನೂ ಅಲ್ಲ. ಮೂರು ವರ್ಷಗಳಲ್ಲಿ ಅವನಿಂದ ಕೆಲಸ ತೆಗೆದುಕೊಂಡವರು ಅನೇಕರು. ಅವನಿಗೆ ಕೆಲಸ ಕಲಿಸುವ ಹೊಣೆ ಹೊತ್ತವರು ಯಾರೂ ಇರಲಿಲ್ಲ.

ದುಡಿಯುತ್ತಲೇ ಕಲಿಯುವುದು ನಮ್ಮ ನಾಡಿಗೆ ಹೊಸದಲ್ಲ. ಕಮ್ಮಾರನ ಕುಲುಮೆಯಲ್ಲಿ ಹುಡುಗನು ಮೊದಲು ತಿದಿ ಒತ್ತುತ್ತಿದ್ದನು. ಆಮೇಲೆ ಇಕ್ಕಳದಲ್ಲಿ ಕಬ್ಬಿಣವನ್ನು ಹಿಡಿಯುತ್ತಿದ್ದನು. ಕಬ್ಬಿಣದ ಬಣ್ಣ ನೋಡಿ ಅದರ ಹದವನ್ನು ತಿಳಿಯುವಷ್ಟಾದ ಮೇಲೆ ಸುತ್ತಿಗೆ ಅವನ ಕೈಗೆ ಬರುತ್ತಿತ್ತು. ನಜರೇತಿನ ಬಡಗಿಯ ಮನೆಯಲ್ಲಿಯೂ ಕಲಿಕೆ ಹೀಗೆಯೇ ನಡೆದಿದ್ದಿರಬೇಕು. ಆದರೆ ಹಳೆಯ ಪದ್ಧತಿಯನ್ನು ಕೇವಲ ಹೊಗಳಿ ಬಿಡುವುದು ನ್ಯಾಯವಲ್ಲ. ಕುಲಕ್ಕೆ ಕಸುಬು ಅಂಟಿಕೊಂಡಿತ್ತು; ಬೇರೆ ಕುಲದ ಹುಡುಗನಿಗೆ ಕುಲುಮೆಯ ಬಾಗಿಲು ತೆರೆಯುತ್ತಿರಲಿಲ್ಲ. ಕಲಿಕೆಗೆ ಅವಧಿಯಿರಲಿಲ್ಲ. ಪೆಟ್ಟು ತಿನ್ನುವುದೂ ಕಲಿಕೆಯ ಭಾಗವೆಂದೇ ಜನರು ತಿಳಿದಿದ್ದರು. ಇಂದಿಗೂ ರಸ್ತೆ ಬದಿಯ ಗ್ಯಾರೇಜುಗಳಲ್ಲಿ ಐದಾರು ವರ್ಷ ಕೈಗೆ ಗ್ರೀಸು ಮೆತ್ತಿಕೊಂಡು ದುಡಿದು, ತಾನು ಕಲಿತದ್ದಕ್ಕೆ ಒಂದು ಚೂರು ಕಾಗದದ ಸಾಕ್ಷಿಯೂ ಇಲ್ಲದೆ ಹೊರಬೀಳುವ ಹುಡುಗರಿದ್ದಾರೆ.

ಈ ದೋಷಗಳನ್ನು ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಂಡು ಮದ್ದು ಹುಡುಕಿದ ಪುಣ್ಯಪುರುಷರೊಬ್ಬರನ್ನು ಇಲ್ಲಿ ನೆನೆಯಬೇಕು. ಇಟಲಿಯ ಟ್ಯೂರಿನ್ ನಗರದಲ್ಲಿ ಬೀದಿ ಪಾಲಾಗಿದ್ದ ಹುಡುಗರನ್ನು ಕೂಡಿಹಾಕಿಕೊಂಡು ಸಾಕಿದ ಸಂತ ಡಾನ್ ಬಾಸ್ಕೋ ಅವರ ಹೆಸರನ್ನು ನೀವೆಲ್ಲರೂ ಬಲ್ಲಿರಿ. ಅವರು ಹುಡುಗರನ್ನು ಕೆಲಸಕ್ಕೆ ಸೇರಿಸುವ ಮೊದಲು ಮೇಸ್ತ್ರಿಯಿಂದ ಕರಾರುಪತ್ರ ಬರೆಸಿಕೊಳ್ಳುತ್ತಿದ್ದರೆಂಬುದು ಬಹಳ ಜನರಿಗೆ ತಿಳಿಯದು. 1852ರ ಫೆಬ್ರವರಿಯಲ್ಲಿ ಒಬ್ಬ ಹುಡುಗನಿಗಾಗಿ ಮರಗೆಲಸದ ಮೇಸ್ತ್ರಿಯೊಡನೆ ಮಾಡಿಕೊಂಡ ಕರಾರು ಇಂದಿಗೂ ಉಳಿದಿದೆ. ಎರಡು ವರ್ಷಗಳಲ್ಲಿ ಕಸುಬನ್ನು ಕಲಿಸಿಕೊಡಬೇಕು. ಕಸುಬಿಗೆ ಸಂಬಂಧಪಡದ ಚಾಕರಿಗೆ ಹಚ್ಚಬಾರದು. ತಪ್ಪಿದಾಗ ಮಾತಿನಿಂದ ತಿದ್ದಬೇಕಲ್ಲದೆ ಬೇರೆ ರೀತಿಯಲ್ಲಲ್ಲ. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ಕಲಿಕೆ ಮುಂದುವರಿದಂತೆ ಕೂಲಿಯನ್ನೂ ಏರಿಸಬೇಕು. ಇದು ಮೇಸ್ತ್ರಿಯ ಪಾಲು. ಹುಡುಗನು ವಿಧೇಯನಾಗಿ, ಶ್ರದ್ಧೆಯಿಂದ ಕೆಲಸ ಮಾಡಬೇಕು. ಅವನಿಂದ ನಷ್ಟವಾದರೆ ತಂದೆ ಹೊಣೆಯಾಗಬೇಕು. ಇದು ಹುಡುಗನ ಮನೆಯವರ ಪಾಲು. ಎರಡು ಕಡೆಯವರೂ ಸಹಿ ಹಾಕಿದರು. ಆ ಕಾಗದದಲ್ಲಿ ದಯೆಯ ಮಾತಿಗಿಂತ ಹೆಚ್ಚಾಗಿ ನ್ಯಾಯದ ಮಾತಿದೆ. ಬಡವರ ಮಗನಿಗೆ ಅನುಕಂಪ ಸಾಲದು, ಬರವಣಿಗೆಯಲ್ಲಿ ಹಕ್ಕು ಬೇಕು ಎಂಬುದನ್ನು ಆ ಗುರುಗಳು ಅರಿತಿದ್ದರು.

ನಮ್ಮ ಜಿಲ್ಲೆಯವರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತಾವು ಇಟ್ಟುಕೊಳ್ಳದೆ ಯುವಕರ ಕಸುಬಿನ ಶಿಕ್ಷಣಕ್ಕೆ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರನ್ನಿಡದೆ ಮಹಾರಾಜ ಜಯಚಾಮರಾಜೇಂದ್ರರ ಹೆಸರನ್ನಿಡಿಸಿದರು. ಮುಂದೆ 1972ರಲ್ಲಿ ಡೆನ್ಮಾರ್ಕ್ ದೇಶದ ಸಹಕಾರದಿಂದ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾ ವಿದ್ಯಾರ್ಥಿಗಳು ಮೂರು ವರ್ಷ ಕೇಂದ್ರದಲ್ಲಿ ಕಲಿತು ನಾಲ್ಕನೆಯ ವರ್ಷವನ್ನು ಕಾರ್ಖಾನೆಯಲ್ಲಿ ಕಳೆಯುತ್ತಾರೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯು ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ಆರಿಸಿಕೊಂಡು ಮೂರು ವರ್ಷ ಊಟ ವಸತಿಯೊಡನೆ ಕಸುಬು ಕಲಿಸುತ್ತಾ ಬಂದಿದೆ. ಜರ್ಮನಿಯಲ್ಲಿ ಈ ಪದ್ಧತಿ ಬಹಳ ವ್ಯಾಪಕವಾಗಿದೆ. ಅಲ್ಲಿನ ಶಿಶಿಕ್ಷುವು ವಾರದಲ್ಲಿ ಮೂರು ನಾಲ್ಕು ದಿನ ಕೆಲಸದ ಸ್ಥಳದಲ್ಲಿಯೂ ಒಂದೆರಡು ದಿನ ಶಾಲೆಯಲ್ಲಿಯೂ ಕಲಿಯುತ್ತಾನೆ. ಕೈಗೂ ತಲೆಗೂ ಮಧ್ಯೆ ಗೋಡೆ ಕಟ್ಟಬಾರದೆಂಬುದೇ ಇವೆಲ್ಲವುಗಳ ತಿರುಳು.

ಇನ್ನು ನಮ್ಮ ದೇಶದ ಕಾನೂನಿಗೆ ಬರೋಣ. 1961ರಲ್ಲಿ ಸಂಸತ್ತು ಶಿಶಿಕ್ಷು ಅಧಿನಿಯಮವನ್ನು ಅಂಗೀಕರಿಸಿತು. ಆ ಕಾನೂನಿನ ಬೆನ್ನೆಲುಬು ಕರಾರುಪತ್ರವೇ. ಮಾಲೀಕನೂ ಶಿಶಿಕ್ಷುವೂ ಅದಕ್ಕೆ ಸಹಿ ಹಾಕಬೇಕು. ಶಿಶಿಕ್ಷು ಅಪ್ರಾಪ್ತ ವಯಸ್ಕನಾದರೆ ಪೋಷಕರು ಸಹಿ ಹಾಕಬೇಕು. ಅದು ಸರ್ಕಾರದಲ್ಲಿ ನೋಂದಣಿಯಾಗಬೇಕು. ಹದಿನಾಲ್ಕು ವರ್ಷ ತುಂಬದವರನ್ನು ಸೇರಿಸಿಕೊಳ್ಳುವಂತಿಲ್ಲ. ಅಪಾಯಕಾರಿ ಕೈಗಾರಿಕೆಗಳಲ್ಲಿ ಹದಿನೆಂಟು ತುಂಬಿರಬೇಕು. ಅಧಿಕಾರಿಯ ಒಪ್ಪಿಗೆಯಿಲ್ಲದೆ ಶಿಶಿಕ್ಷುವಿನಿಂದ ಓವರ್‌ಟೈಮ್ ಕೆಲಸ ಮಾಡಿಸುವಂತಿಲ್ಲ. ತರಬೇತಿಯ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದು. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು. ಕೇವಲ ನಾಲ್ಕು ಜನ ದುಡಿಯುವ ಸಣ್ಣ ವರ್ಕ್‌ಷಾಪ್ ಕೂಡ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು. ಅದೇ ನಿಯಮಗಳು ಮಾಸಿಕ ಭತ್ಯೆಯ ಕನಿಷ್ಠ ಮೊತ್ತವನ್ನೂ ಗೊತ್ತುಪಡಿಸಿದವು: ಹತ್ತನೆಯ ತರಗತಿ ಮುಗಿಸಿದವರಿಗೆ 6000 ರೂಪಾಯಿ, ಪಿ.ಯು.ಸಿ. ಅಥವಾ ಐ.ಟಿ.ಐ. ಮುಗಿಸಿದವರಿಗೆ 7000 ರೂಪಾಯಿ, ಡಿಪ್ಲೊಮಾ ಆದವರಿಗೆ 8000 ರೂಪಾಯಿ, ಪದವೀಧರರಿಗೆ 9000 ರೂಪಾಯಿ. ಎರಡನೆಯ ವರ್ಷದಲ್ಲಿ ಶೇಕಡಾ 10ರಷ್ಟೂ ಮೂರನೆಯ ವರ್ಷದಲ್ಲಿ ಶೇಕಡಾ 15ರಷ್ಟೂ ಏರಿಕೆ. 1852ರ ಬಡಗಿಯ ಕರಾರನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಎರಡೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ.

ಇಲ್ಲಿ ತಂದೆತಾಯಿಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ನಾವು ಬಲ್ಲೆವು. "ಗುತ್ತಿಗೆಯವರು ಇದರ ಎರಡರಷ್ಟು ಕೊಡುತ್ತಾರಲ್ಲ, ಮನೆಯಲ್ಲಿ ಸಾಲವಿರುವಾಗ ಭತ್ಯೆಗಾಗಿ ಏಕೆ ಕಳುಹಿಸಬೇಕು?" ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಸಿದ ಮನೆಗೆ ಮುಂದಿನ ಐದು ವರ್ಷದ ಲೆಕ್ಕವನ್ನು ಒಪ್ಪಿಸುವುದು ಕಷ್ಟ. ಆದರೂ ಲೆಕ್ಕವನ್ನು ಪೂರ್ತಿ ಹಾಕಿ ನೋಡಬೇಕು. ಗುತ್ತಿಗೆಯ ಕೆಲಸದಲ್ಲಿ ಬರುವ ಸಂಬಳ ಇಂದಿನ ದುಡಿಮೆಯ ಬೆಲೆ. ಗುತ್ತಿಗೆ ಮುಗಿದ ದಿನ ಅದೂ ಮುಗಿಯುತ್ತದೆ. ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ಗಲಭೆಯನ್ನು ನಾವು ಮರೆಯಬಾರದು. ಆಗ ಅದನ್ನು ನಡೆಸುತ್ತಿದ್ದ ವಿಸ್ಟ್ರಾನ್ ಕಂಪನಿಯು ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ಸಿಗಲಿಲ್ಲವೆಂದು ಬಹಿರಂಗವಾಗಿ ಒಪ್ಪಿ ಕ್ಷಮೆ ಕೇಳಿತು. ಅಲ್ಲಿದ್ದವರಲ್ಲಿ ಬಹುಪಾಲು ಜನರು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಗೆ ಬಂದಿತು. ಯಂತ್ರಗಳನ್ನು ಒಡೆದದ್ದನ್ನು ನಾವು ಎಂದಿಗೂ ಸಮರ್ಥಿಸುವುದಿಲ್ಲ. ಆದರೆ ತನಗೆ ಯಾರು ಉತ್ತರ ಹೇಳಬೇಕೆಂದೇ ತಿಳಿಯದ ಸಾವಿರಾರು ಯುವಕರನ್ನು ಒಂದೆಡೆ ಸೇರಿಸುವುದು ಒಣಹುಲ್ಲನ್ನು ಒಲೆಯ ಪಕ್ಕ ರಾಶಿ ಹಾಕಿದಂತೆ.

ಕಸುಬಾದರೋ ಮಾಲೀಕನು ಹೋದರೂ ಕೈಯಲ್ಲಿ ಉಳಿಯುತ್ತದೆ. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಒಂದು ಶತಮಾನಕ್ಕೂ ಮೀರಿ ಜನರಿಗೆ ಅನ್ನವಿಟ್ಟ ಗಣಿ ಮುಚ್ಚಿದಾಗ ಅಲ್ಲಿನ ಜನರು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು; ಇಂದಿಗೂ ಮಾರಿಕುಪ್ಪಂ ಕಡೆಯಿಂದ ಸಾವಿರಾರು ಜನರು ಹೀಗೆ ಹೋಗಿಬರುತ್ತಾರೆ. ಆ ರೈಲಿನಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಎಂದು ತನ್ನ ಕಸುಬಿನ ಹೆಸರು ಹೇಳಬಲ್ಲವನಿಗೂ, ಏನಾದರೂ ಕೆಲಸವಿದೆಯೇ ಎಂದು ಕೇಳಬೇಕಾದವನಿಗೂ ಎಷ್ಟು ಅಂತರವಿದೆಯೆಂಬುದನ್ನು ಅಲ್ಲಿ ಪ್ರಯಾಣ ಮಾಡಿದವರನ್ನು ಕೇಳಿ ತಿಳಿಯಬಹುದು. ಗಣಿಯಂತೆಯೇ ಕಾರ್ಖಾನೆಗೂ ಆಯುಸ್ಸಿದೆ. ನೆಲ ಮಾರಿದ ಹಣಕ್ಕೂ ಆಯುಸ್ಸಿದೆ. ಅದು ಎಷ್ಟು ಕಡಿಮೆಯೆಂಬುದನ್ನು ಈ ಸೀಮೆಯ ಹಲವು ಮನೆಗಳು ಈಗಾಗಲೇ ಕಂಡಿವೆ. ಹೊಲವನ್ನು ಕಳೆದುಕೊಂಡ ಮನೆಯ ಮಗನಿಗೆ ಇನ್ನು ಪಿತ್ರಾರ್ಜಿತವೆಂದು ಕೊಡಬಹುದಾದದ್ದು ಕಸುಬೊಂದೇ.

ಆದರೆ ಅಪ್ರೆಂಟಿಸ್ ಎಂಬ ಹೆಸರಿಟ್ಟ ಮಾತ್ರಕ್ಕೆ ಎಲ್ಲವೂ ಸರಿಯಾಗಿ ನಡೆಯುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಶಿಶಿಕ್ಷುವು ಕಲಿಯುವವನು, ಕಾರ್ಮಿಕನಲ್ಲ. ಈ ಮಾತನ್ನೇ ನೆಪ ಮಾಡಿಕೊಂಡು ಕಡಿಮೆ ಭತ್ಯೆಗೆ ಪೂರ್ತಿ ಕಾರ್ಮಿಕನ ಕೆಲಸ ತೆಗೆಯುವವರೂ ಉಂಟು. ತರಬೇತಿ ಮುಗಿದ ಮೇಲೆ ಅಲ್ಲಿಯೇ ಕೆಲಸ ಕೊಡಲೇಬೇಕೆಂಬ ನಿರ್ಬಂಧವೂ ಮಾಲೀಕನ ಮೇಲಿಲ್ಲ. ಆದಕಾರಣ ಸಹಿ ಹಾಕುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿರಿ. ವಿನಯದಿಂದ ಕೇಳಿರಿ, ಆದರೆ ಉತ್ತರ ಸಿಗುವವರೆಗೂ ಕೇಳಿರಿ. ಮೊದಲನೆಯದಾಗಿ, ನನ್ನ ಮಗನಿಗೆ ಕಲಿಸುವವರು ಯಾರು? ಸಂಸ್ಥೆಯ ಹೆಸರಲ್ಲ, ಮನುಷ್ಯನ ಹೆಸರು ಬೇಕು. ಎರಡನೆಯದಾಗಿ, ಕರಾರು ನೋಂದಣಿಯಾಗಿದೆಯೇ, ಅದರ ಪ್ರತಿ ನಮ್ಮ ಕೈಗೆ ಬರುತ್ತದೆಯೇ? ಮೂರನೆಯದಾಗಿ, ಇಂದು ಬಾರದ ಯಾವ ಕೆಲಸ ಆರು ತಿಂಗಳ ನಂತರ ಇವನಿಗೆ ಬರುತ್ತದೆ? ನಾಲ್ಕನೆಯದಾಗಿ, ಕೊನೆಯಲ್ಲಿ ಸಿಗುವ ಪ್ರಮಾಣಪತ್ರ ಸರ್ಕಾರ ಮಾನ್ಯ ಮಾಡಿದ್ದೋ, ಆ ಸಂಸ್ಥೆಯ ಬಾಗಿಲಾಚೆ ಬೆಲೆಯಿಲ್ಲದ್ದೋ? ಐದನೆಯದಾಗಿ, ಕೈಗೆ ಕಾಲಿಗೆ ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ? ಈ ಐದಕ್ಕೂ ನೇರವಾದ ಉತ್ತರ ಕೊಡುವವನು ಒಳ್ಳೆಯ ಮಾಲೀಕ. ಉತ್ತರ ಕೊಡದೆ, "ನಾಳೆಯೇ ಬಂದು ಸೇರಿಕೊಳ್ಳಿ" ಎನ್ನುವವನ ಬಳಿ ಎಚ್ಚರಿಕೆಯಿಂದಿರಿ.

ಯುವಕ ಯುವತಿಯರೇ, ನಿಮಗೂ ಎರಡು ಮಾತು. ಕರಾರಿಗೆ ಎರಡು ಕಡೆಯಿದೆಯೆಂದೆವು. ವೇಳೆಗೆ ಸರಿಯಾಗಿ ಹೋಗುವುದು, ಮೊಬೈಲನ್ನು ಜೇಬಿನಲ್ಲಿಡುವುದು, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದನ್ನು ಮುಚ್ಚಿಡದೆ ಹೇಳುವುದು, ಇವು ನಿಮ್ಮ ಪಾಲಿನ ಋಣ. ಲೇತಿನ ಮುಂದೆ ಸುಳ್ಳು ನಡೆಯುವುದಿಲ್ಲ. ಮೈಕ್ರೋಮೀಟರ್ ಯಾರ ದಾಕ್ಷಿಣ್ಯಕ್ಕೂ ಒಳಗಾಗುವುದಿಲ್ಲ. ಮೊದಲ ತಿಂಗಳು ಅರ ಹಿಡಿದು ಕಬ್ಬಿಣದ ತುಂಡನ್ನು ಉಜ್ಜುವುದೇ ಕೆಲಸವಾದರೆ ಬೇಸರಿಸಿ ಓಡಿಬರಬೇಡಿ. ಕೈ ಪಳಗುವುದು ಅಲ್ಲಿಯೇ.

ಐ.ಟಿ.ಐ. ಎಂದರೆ ಪರೀಕ್ಷೆಯಲ್ಲಿ ಹಿಂದುಳಿದವರ ಪಾಲು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ಮಕ್ಕಳು ಶಾಲೆ ಬಿಡಲಿ ಎಂದೂ ನಾವು ಹೇಳುವುದಿಲ್ಲ. ಹತ್ತನೆಯ ತರಗತಿಯನ್ನು ಎಲ್ಲರೂ ಮುಗಿಸಲೇಬೇಕು. ಅನಂತರ ಕೆಲವರು ಪುಸ್ತಕದ ದಾರಿಯಲ್ಲಿಯೂ ಕೆಲವರು ಉಪಕರಣದ ದಾರಿಯಲ್ಲಿಯೂ ಹೋಗಲಿ. ಒಂದು ಮೇಲು, ಇನ್ನೊಂದು ಕೀಳು ಎಂಬ ಭೇದ ಬೇಡ. 1955ರಲ್ಲಿ ಪೋಪ್ ಹನ್ನೆರಡನೆಯ ಪಯಸ್‌ರವರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದ್ದು ಬರಿಯ ಮೆರವಣಿಗೆಗಾಗಿ ಅಲ್ಲ. ಹಾಗೆಯೇ ಹೆಣ್ಣುಮಕ್ಕಳ ವಿಷಯ. ನಮ್ಮ ಹುಡುಗಿಯರು ನೂರಾರು ಸಂಖ್ಯೆಯಲ್ಲಿ ಜೋಡಣೆಯ ಸಾಲಿನಲ್ಲಿ ಕುಳಿತು ದುಡಿಯುತ್ತಿದ್ದಾರೆ. ಸಾಲಿನಲ್ಲಿ ಕೂಡಬಲ್ಲವಳು ಆ ಸಾಲಿನ ಯಂತ್ರವನ್ನು ರಿಪೇರಿ ಮಾಡುವುದನ್ನೂ ಕಲಿಯಬಲ್ಲಳು. ಎಲೆಕ್ಟ್ರಿಷಿಯನ್, ಮೆಷಿನಿಸ್ಟ್ ಕಸುಬುಗಳಿಗೆ ಮಗಳನ್ನು ಕಳುಹಿಸಲು ಹಿಂಜರಿಯಬೇಡಿ. ಅವಳ ಬಸ್ಸು, ಅವಳ ಪಾಳಿ, ಅವಳ ಸುರಕ್ಷತೆಯ ಬಗ್ಗೆ ಗಟ್ಟಿಯಾಗಿ ವಿಚಾರಿಸಿರಿ.

ಕಾರ್ಖಾನೆಗಳ ಕಡೆಗೇ ನೋಡಬೇಕೆಂದೇನೂ ಇಲ್ಲ. ಕೆ.ಎಸ್.ಆರ್.ಟಿ.ಸಿ.ಯ ಕಾರ್ಯಾಗಾರಗಳು, ಕೆ.ಜಿ.ಎಫ್.ನ ಬೆಮೆಲ್‌ನಂಥ ಸಾರ್ವಜನಿಕ ಉದ್ಯಮಗಳು ಐ.ಟಿ.ಐ. ಮುಗಿಸಿದವರನ್ನು ಶಿಶಿಕ್ಷುಗಳಾಗಿ ತೆಗೆದುಕೊಳ್ಳುತ್ತಾ ಬಂದಿವೆ. ನಮ್ಮ ಊರಿನ ಅಗತ್ಯಗಳೇ ಎಷ್ಟಿವೆ ನೋಡಿ: ಸುಟ್ಟುಹೋದ ಪಂಪಿನ ಮೋಟರಿಗೆ ಮತ್ತೆ ತಂತಿ ಸುತ್ತುವವರು, ಹನಿ ನೀರಾವರಿಯ ಪೈಪು ಜೋಡಿಸುವವರು, ಹಾಲಿನ ಡೈರಿಯ ಶೀತಲ ಯಂತ್ರವನ್ನು ನೋಡಿಕೊಳ್ಳುವವರು. ಇವರನ್ನು ಹುಡುಕಿಕೊಂಡು ರೈತರು ಕೋಲಾರಕ್ಕೆ ಅಲೆಯುತ್ತಾರೆ.

ಕೊನೆಯದಾಗಿ, ಶತಮಾನೋತ್ಸವದ ಈ ವರ್ಷದಲ್ಲಿ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇವೆ. ನಮ್ಮ ನಡುವೆ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಫಿಟ್ಟರುಗಳಿದ್ದಾರೆ, ಟರ್ನರುಗಳಿದ್ದಾರೆ, ಮೇಲ್ವಿಚಾರಕರಿದ್ದಾರೆ. ಅವರಲ್ಲಿ ಇಬ್ಬರು ಮೂವರು ಭಾನುವಾರದ ಪೂಜೆಯ ನಂತರ ಒಂದು ಗಂಟೆ ಸಭಾಂಗಣದಲ್ಲಿ ಕುಳಿತುಕೊಳ್ಳಲಿ. ಯಾವ ಮತದ, ಯಾವ ಜಾತಿಯ ಹುಡುಗ ಹುಡುಗಿಯಾದರೂ ಕರಾರುಪತ್ರವನ್ನು ತಂದರೆ ಅದನ್ನು ಓದಿ ಹೇಳಲಿ. ಸರ್ಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಲು ನೆರವಾಗಲಿ. ಭತ್ಯೆ ಕಡಿಮೆಯೆಂಬ ಕಾರಣಕ್ಕೆ ಯಾರೂ ಕಲಿಕೆಯನ್ನು ಅರ್ಧಕ್ಕೆ ಬಿಡದಂತೆ ಬಸ್ಸಿನ ಪಾಸಿಗೂ ಒಂದು ಜೊತೆ ಸುರಕ್ಷಾ ಬೂಟಿಗೂ ಉತ್ಸವದ ನಿಧಿಯಿಂದ ಸಹಾಯ ದೊರೆಯಲಿ. ಈ ಸ್ಮರಣ ಸಂಚಿಕೆಗೆ ಜಾಹೀರಾತು ಕೊಟ್ಟು ನೆರವಾದ ವರ್ಕ್‌ಷಾಪ್ ಮಾಲೀಕರಿಗೆ ನಾವು ಋಣಿಗಳು. ಅವರಲ್ಲಿ ಇನ್ನೊಂದು ಬೇಡಿಕೆ: ಮುಂದಿನ ವರ್ಷ ಜಾಹೀರಾತು ಕೊಡದಿದ್ದರೂ ಚಿಂತೆಯಿಲ್ಲ, ಒಬ್ಬ ಹುಡುಗನಿಗೋ ಹುಡುಗಿಗೋ ಕರಾರು ಬರೆದುಕೊಡಿ.

ಕಲಿಸುವ ಹೊಣೆಯನ್ನು ಒಬ್ಬರು ಬರವಣಿಗೆಯಲ್ಲಿ ಒಪ್ಪಿಕೊಳ್ಳಲಿ. ಕಲಿಯುವ ಹೊಣೆಯನ್ನು ಇನ್ನೊಬ್ಬರು ಮನಸ್ಸಿನಲ್ಲಿ ಒಪ್ಪಿಕೊಳ್ಳಲಿ. ಆಗ ಈ ನೆಲದಲ್ಲಿ ಎದ್ದಿರುವ ಕಾರ್ಖಾನೆಗಳು ನಮ್ಮ ಮಕ್ಕಳ ಪಾಲಿಗೆ ನಿಜವಾಗಿಯೂ ನಮ್ಮವಾಗುತ್ತವೆ. ದುಡಿಯುವ ಎಲ್ಲ ಕೈಗಳನ್ನೂ ದೇವರು ಹರಸಲಿ.